ಬ್ಯಾಟರಿ ಇಳಿಯುತ್ತಿದೆಯೇ? ಆಲ್ಟರ್ನೇಟರ್ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಕಾರಿನಲ್ಲಿ ಚಾರ್ಜ್ ಕಡಿಮೆ ಎಂದಾಕ್ಷಣ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬದಲಿಸುವುದು ದುಂದುವೆಚ್ಚ. ಎಷ್ಟೋ ಸಲ ತಪ್ಪು ಇರುವುದು ತುಕ್ಕು ಹಿಡಿದ ಅರ್ಥ್ ವೈರಿನಲ್ಲಿ (ಬ್ಯಾಟರಿ ಮೈನಸ್ಸನ್ನು ಬಾಡಿಗೆ, ಎಂಜಿನ್‌ಗೆ ಜೋಡಿಸುವ ವೈರ್).

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ. ಮೊದಲು ಚಾರ್ಜ್ ಮಾಡಿಸಿ. ಬಳಿಕ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್, ಬ್ಲೋವರ್ ಹಾಕಿ, 1,500 ಆರ್‌ಪಿಎಂನಲ್ಲಿ ಅಳೆಯಿರಿ. 13.5ರಿಂದ 14.5 ಸರಿ, 13ಕ್ಕಿಂತ ಕೆಳಗಿದ್ದರೆ ತೊಂದರೆ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ತಗ್ಗಿಸುವುದುಂಟು. ಲೈಟ್ ಹಾಕದೆ ಅಳೆದರೆ ಮೋಸ ಹೋಗುತ್ತೀರಿ.

ಈಗ ಅನೇಕರು ಬಿಟ್ಟುಬಿಡುವ ಪರೀಕ್ಷೆ. ಎಂಜಿನ್, ಲೈಟು, ಬ್ಲೋವರ್ ಚಾಲೂ ಇರಲಿ. ಕೆಂಪು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೆ, ಕಪ್ಪನ್ನು ಬ್ಯಾಟರಿಯ ಪ್ಲಸ್‌ಗೆ ಮುಟ್ಟಿಸಿ. ಕಡ್ಡಿ ಬೆಲ್ಟಿಗೆ ಸಿಗದಂತೆ, ಬೋಲ್ಟಿನಿಂದ ಬಾಡಿಗೆ ತಾಗದಂತೆ ಎಚ್ಚರ. 0.3 ವೋಲ್ಟ್ ಮೀರಿದರೆ ಆ ಕೇಬಲ್ಲೋ ಅದರ ಜೋಡಣೆಯೋ ಕೆಟ್ಟಿದೆ. ಹಾಗೆಯೇ ಆಲ್ಟರ್ನೇಟರಿನ ಮೈ ಮತ್ತು ಬ್ಯಾಟರಿ ಮೈನಸ್ ನಡುವೆ 0.2 ಮೀರಿದರೆ ಅರ್ಥ್ ದೋಷ. ಎಂಜಿನ್ ಆರಿಸಿ, ಮೈನಸ್ ಮೊದಲು ಬಿಚ್ಚಿ, ಎಮರಿ ಕಾಗದದಿಂದ ಉಜ್ಜಿ ಬಿಗಿಮಾಡಿ.

ಎರಡೂ ಸರಿಯೇ? ಬೆಲ್ಟ್ ಸಡಿಲವೇ, ನುಣುಪಾಗಿ ಹೊಳೆಯುತ್ತಿದೆಯೇ ನೋಡಿ. ಕೀ ಹಾಕಿದಾಗ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಹತ್ತದಿದ್ದರೆ ಆ ದೀಪದಿಂದ ಆಲ್ಟರ್ನೇಟರಿಗೆ ಹೋಗುವ ವೈರ್ ತುಂಡಾಗಿರಬಹುದು. ಎಂಜಿನ್ ಓಡುವಾಗ ಮೀಟರನ್ನು ಎಸಿಗೆ ತಿರುಗಿಸಿದಾಗ ಬ್ಯಾಟರಿಯಲ್ಲಿ 0.5 ವೋಲ್ಟ್‌ಗಿಂತ ಹೆಚ್ಚು ಬಂದರೆ ಎಸಿಯನ್ನು ಡಿಸಿ ಮಾಡುವ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ. ಇವೂ ಸರಿಯಿದ್ದರೆ ಆಲ್ಟರ್ನೇಟರಿನೊಳಗಿನ ಸವೆದ ಬ್ರಷ್ ಅಥವಾ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕಾರಣವಿರಬಹುದು.

ಎಂಜಿನ್ ಓಡುವಾಗ ಟರ್ಮಿನಲ್ ಕಿತ್ತು ಪರೀಕ್ಷಿಸುವ ಹಳೆಯ ಚಾಳಿ ಬೇಡ; ವೋಲ್ಟೇಜ್ ಜಿಗಿದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಡಬಹುದು.