ಹೊಡೆದರೂ ತಾಗದ ಮಕ್: ಪೋಕೆಮಾನ್‌ನಲ್ಲಿ ತಪ್ಪಿಸಿಕೊಂಡೇ ಗೆಲ್ಲುವುದು ಹೇಗೆ?

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಬಿಸಿಲು 40 ಡಿಗ್ರಿ ದಾಟಿರುತ್ತದೆ, ಕರೆಂಟೂ ಹೋಗಿರುತ್ತದೆ. ಆಗ ನಾನು, ನಮ್ಮ ಅಣ್ಣನ ಮಗ ಇಬ್ಬರೂ ಪಡಸಾಲೆಯ ಶಹಾಬಾದ್ ಕಲ್ಲಿನ ನೆಲಕ್ಕೆ ಬೆನ್ನು ಹಚ್ಚಿ ಮಲಗಿ, ಫೋನಿನಲ್ಲಿ ಪೋಕೆಮಾನ್ ಶೋಡೌನ್, ಅಂದರೆ ಪೋಕೆಮಾನ್ ಕಾದಾಟದ ಆನ್‌ಲೈನ್ ಆಟ, ಆಡುತ್ತೇವೆ. ಒಂದಿನ ಅವನು ಎದ್ದು ಕೂತು, "ಕಾಕಾ, ಇದು ಮೋಸ ಅದ! ಒಂದೂ ತಾಗ್ವಲ್ದು!" ಅಂತ ಕೂಗಿದ. ಮೋಸ ಅಲ್ಲ, ಆಟದ ಒಳಗೇ ಇರುವ ಲೆಕ್ಕ. ಆದರೆ ಎದುರಿನವರಿಗೆ ಇದಕ್ಕಿಂತ ಕಿರಿಕಿರಿ ಕೊಡುವ ತಂತ್ರ ನಾನು ನೋಡಿಲ್ಲ. ಮಕ್ ಅನ್ನುವ ಪೋಕೆಮಾನ್ ಏಟು ತಪ್ಪಿಸಿಕೊಳ್ಳುತ್ತಲೇ ಗೆಲ್ಲುವ ಈ ತಂತ್ರವನ್ನು ಕಟ್ಟುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ಮಾತು. ಈ ತಂತ್ರವನ್ನು ಎಲ್ಲ ಕಡೆ ಆಡಲು ಬಿಡುವುದಿಲ್ಲ. ಸ್ಮೋಗನ್ ಅನ್ನುವ ಆಟಗಾರರ ಬಳಗದ ನಿಯಮದ ಆಟಗಳಲ್ಲಿ ಇವೇಷನ್ ಕ್ಲಾಜ್ ಅಂತ ಒಂದು ನಿಯಮ ಇದೆ, ಅಲ್ಲಿ ತಪ್ಪಿಸಿಕೊಳ್ಳುವ ಬಲ ಹೆಚ್ಚಿಸುವ ಡಬಲ್ ಟೀಮ್, ಮಿನಿಮೈಜ್ ಮೂವ್ ಎರಡೂ ಬಂದ್. ಹಾಗಾಗಿ ಶೋಡೌನ್‌ನಲ್ಲಿ ಏಳನೇ ತಲೆಮಾರಿನ (ಪೋಕೆಮಾನ್ ಆಟಗಳ ಏಳನೇ ಸರಣಿಯ) ಕಸ್ಟಮ್ ಗೇಮ್ ಆರಿಸಿ, ಗೆಳೆಯರಿಗೆ ಸವಾಲು ಕಳಿಸಿ. ಕಳಿಸುವ ಮುಂಚೆ "ಇವತ್ತು ಮಿನಿಮೈಜ್ ಆಡ್ತೀನಿ, ನಡೀತದಾ?" ಅಂತ ಕೇಳಿಬಿಡಿ. ಕೇಳದೆ ಆಡಿದರೆ ಆಟ ಕೆಡುತ್ತದೆ, ನಾನು ಹಾಗೆ ಆಡುವುದಿಲ್ಲ.

ಲೆಕ್ಕ ಏನು?

ಈ ಆಟದಲ್ಲಿ ತಪ್ಪಿಸಿಕೊಳ್ಳುವ ಬಲಕ್ಕೆ ಆರು ಮೆಟ್ಟಿಲು. ಶೇಕಡಾ 100 ತಾಗುವ ಏಟು ಒಂದು ಮೆಟ್ಟಿಲು ಹತ್ತಿದ ಪೋಕೆಮಾನ್‌ಗೆ ಶೇ 75ರಷ್ಟು ಸಲ ಮಾತ್ರ ತಾಗುತ್ತದೆ. ಎರಡು ಹತ್ತಿದರೆ 60, ಮೂರಕ್ಕೆ 50, ನಾಲ್ಕಕ್ಕೆ ಸುಮಾರು 43, ಐದಕ್ಕೆ 38, ಆರಕ್ಕೆ 33. ಡಬಲ್ ಟೀಮ್ ಒಂದು ಸಲಕ್ಕೆ ಒಂದೇ ಮೆಟ್ಟಿಲು ಹತ್ತಿಸುತ್ತದೆ. ಮೊದಲ ಆಟಗಳಿಂದ ಏಳನೇ ತಲೆಮಾರಿನವರೆಗೂ ಅದು ಟಿಎಂ 32 (ಮೂವ್ ಕಲಿಸುವ ಯಂತ್ರ) ಆಗಿತ್ತು, ಹಳೇ ಆಟಗಾರರಿಗೆ ನೆನಪಿರುತ್ತದೆ. ಮಿನಿಮೈಜ್ ಮಾತ್ರ 2010ರ ಬ್ಲ್ಯಾಕ್, ವೈಟ್ ಆಟಗಳಿಂದ ಒಂದೇ ಸಲಕ್ಕೆ ಎರಡು ಮೆಟ್ಟಿಲು ಹತ್ತಿಸುತ್ತದೆ. ನಮಗೆ ಬೇಕಾದ್ದು ಅದೇ.

ಎದುರಿನವರ ಏಟು ಮೊದಲೇ ಹುಸಿ ಹೋಗುವಂಥದ್ದಾದರೆ ಇನ್ನೂ ಚೆಂದ. ಸ್ಟೋನ್ ಎಡ್ಜ್ ಶೇ 80 ಸಲ ತಾಗುವ ಏಟು. ಒಂದೇ ಮಿನಿಮೈಜ್ ಮಾಡಿದ ಮೇಲೆ ಅದು ಶೇ 48ಕ್ಕೆ ಇಳಿಯುತ್ತದೆ, ಅಂದರೆ ಅರ್ಧಕ್ಕಿಂತ ಕಡಿಮೆ.

ಮಕ್‌ನ ತಯಾರಿ

ಬ್ಲಿಸ್ಸಿ ಅನ್ನುವ ಪೋಕೆಮಾನ್‌ಗೂ ಮಿನಿಮೈಜ್ ಬರುತ್ತದೆ, ಆದರೆ ನನಗೆ ಮಕ್ ಇಷ್ಟ. ಅದು ವಿಷದ ಜಾತಿ. ಆರನೇ ತಲೆಮಾರಿನಿಂದ ವಿಷದ ಜಾತಿಯವು ಹಾಕುವ ಟಾಕ್ಸಿಕ್ (ಟರ್ನ್‌ನಿಂದ ಟರ್ನ್‌ಗೆ ಏರುವ ವಿಷ) ಗುರಿ ತಪ್ಪುವುದೇ ಇಲ್ಲ. ಮಕ್‌ಗೆ ತಿರುಗಿ ವಿಷ ಏರುವುದೂ ಇಲ್ಲ.

ನಾಲ್ಕು ಮೂವ್: ಮಿನಿಮೈಜ್, ಟಾಕ್ಸಿಕ್, ಸಬ್‌ಸ್ಟಿಟ್ಯೂಟ್ (ಜೀವದ ಒಂದು ಪಾಲು ಕೊಟ್ಟು ಏಟು ತಿನ್ನಲು ಮುಂದೆ ನಿಲ್ಲಿಸುವ ಗೊಂಬೆ), ಫೈರ್ ಪಂಚ್. ಕೊನೆಯದು ಯಾಕೆ ಅಂದರೆ ಉಕ್ಕಿನ ಜಾತಿಗೆ ವಿಷ ಹತ್ತುವುದಿಲ್ಲ, ಅವಕ್ಕೆ ಬೆಂಕಿಯೇ ಬೇಕು. ಕೈಯಲ್ಲಿ ಬ್ಲ್ಯಾಕ್ ಸ್ಲಜ್ ಎಂಬ ವಸ್ತು ಕೊಡಿ, ಪ್ರತಿ ಟರ್ನ್ ಹದಿನಾರರಲ್ಲಿ ಒಂದು ಪಾಲು ಜೀವ ವಾಪಸ್ ಬರುತ್ತದೆ. ಅಬಿಲಿಟಿ (ಹುಟ್ಟುಗುಣ) ಸ್ಟಿಕಿ ಹೋಲ್ಡ್ ಇರಲಿ, ಇಲ್ಲಾಂದ್ರೆ ಯಾರಾದರೂ ನಾಕ್ ಆಫ್ ಹಾಕಿ ಆ ಸ್ಲಜ್ ಬೀಳಿಸಿಬಿಡುತ್ತಾರೆ. ಇವಿ (ಬಲ ಹೆಚ್ಚಿಸುವ ಪಾಯಿಂಟ್) ಎಚ್‌ಪಿಗೆ, ಅಂದರೆ ಜೀವಕ್ಕೆ, 252, ಡಿಫೆನ್ಸ್‌ಗೆ 252, ಸ್ವಭಾವ ಡಿಫೆನ್ಸ್ ಹೆಚ್ಚಿಸುವ ಇಂಪಿಶ್. ನೂರನೇ ಲೆವೆಲ್‌ನಲ್ಲಿ ಎಚ್‌ಪಿ 414 ಆಗುತ್ತದೆ. ಒಂದು ಸಬ್‌ಸ್ಟಿಟ್ಯೂಟ್‌ಗೆ 103 ಖರ್ಚು, ಟರ್ನ್‌ಗೆ 25 ಜಮಾ. ನಾಲ್ಕು ಟರ್ನ್ ಗೊಂಬೆ ಒಡೆಯದೆ ನಿಂತರೆ ಅದರ ಖರ್ಚು ಹೆಚ್ಚು ಕಡಿಮೆ ತೀರಿದ ಹಾಗೆ.

ಆಡುವುದು ಹೇಗೆ?

ಮಕ್‌ನ್ನು ಮೊದಲಿಗೇ ಬಿಡಬೇಡಿ. ಅದಕ್ಕೆ ಜಾಸ್ತಿ ನೋವು ಮಾಡಲಾಗದ ಪೋಕೆಮಾನ್ ಎದುರಿಗೆ ಬರುವವರೆಗೆ ಕಾಯಿರಿ. ಹುಲ್ಲು, ಫೇರಿ, ಫೈಟಿಂಗ್ ಏಟುಗಳು ಮಕ್‌ಗೆ ಅರ್ಧವೇ ತಾಗುತ್ತವೆ. ನನಗೆ ಎಲ್ಲಕ್ಕಿಂತ ಹಿತವಾದದ್ದು ಟಾಪು ಬುಲು. ಅದು ಬಂದ ಕೂಡಲೇ ಹಾಸುವ ಗ್ರಾಸಿ ಟೆರೇನ್ ನೆಲದ ಮೇಲಿರುವ ಎಲ್ಲರಿಗೂ ಜೀವ ತುಂಬುತ್ತದೆ, ಮಕ್‌ಗೂ ತುಂಬುತ್ತದೆ. ಮಕ್‌ಗೆ ಜೋರಾಗಿ ತಾಗುವ ಅರ್ತ್‌ಕ್ವೇಕ್ ಏಟಿನ ಬಲವನ್ನೂ ಅರ್ಧಕ್ಕೆ ಇಳಿಸುತ್ತದೆ.

ಮಕ್ ಬಂದ ಮೇಲೆ ಮೊದಲು ಮಿನಿಮೈಜ್. ಟಾಕ್ಸಿಕ್ ಮೊದಲು ಹಾಕುವವರು ಇದ್ದಾರೆ, ನಾನು ಒಪ್ಪುವುದಿಲ್ಲ. ಎದುರಿನವರು ಪೋಕೆಮಾನ್ ಬದಲಿಸಿದರೆ ಏರುತ್ತಿದ್ದ ವಿಷದ ಲೆಕ್ಕ ಮತ್ತೆ ಒಂದರಿಂದ ಶುರು. ನೀವು ಹತ್ತಿದ ಮೆಟ್ಟಿಲು ಹಾಗಲ್ಲ, ಮಕ್ ಮೈದಾನದಲ್ಲಿ ಇರುವವರೆಗೂ ಉಳಿಯುತ್ತದೆ. ಅದು ಆದಮೇಲೆ ಟಾಕ್ಸಿಕ್, ಆಮೇಲೆ ಇನ್ನೊಂದು ಮಿನಿಮೈಜ್, ಆಮೇಲೆ ಸಬ್‌ಸ್ಟಿಟ್ಯೂಟ್. ಮೂರನೇ ಮಿನಿಮೈಜ್ ಆಸೆ ಬೇಡ. 43ರಿಂದ 33ಕ್ಕೆ ಇಳಿಸಲು ಒಂದು ಟರ್ನ್ ಕೊಡುವ ಬದಲು ಅದೇ ಟರ್ನ್‌ನಲ್ಲಿ ಗೊಂಬೆ ನಿಲ್ಲಿಸಿಕೊಳ್ಳುವುದು ಜಾಣತನ.

ಅವತ್ತು ನಡೆದದ್ದೂ ಹೀಗೇ. ನಾನು ಎರಡು ಮಿನಿಮೈಜ್ ಮುಗಿಸಿ ಗೊಂಬೆ ನಿಲ್ಲಿಸುವ ಹೊತ್ತಿಗೆ ಹುಡುಗ ಲ್ಯಾಂಡೊರಸ್ ಇಳಿಸಿದ. ಅದರ ಅರ್ತ್‌ಕ್ವೇಕ್ ಒಂದು ತಾಗಿದರೆ ಮಕ್‌ನ ಮುಕ್ಕಾಲು ಜೀವ ಹೋಗುತ್ತದೆ, ಎರಡು ತಾಗಿದರೆ ಕತೆ ಮುಗೀತು. ಆದರೆ ಶೇ 43ರ ಲೆಕ್ಕದಲ್ಲಿ ಎರಡು ಏಟು ಸಾಲಾಗಿ ತಾಗುವುದು ಐದರಲ್ಲಿ ಒಂದು ಸಲವೂ ಪೂರ್ತಿ ಇಲ್ಲ. ನಾನು ಟಾಕ್ಸಿಕ್ ಹಾಕಿದೆ. ಮೊದಲ ಏಟು ಹುಸಿ. ಎರಡನೆಯದು ಹುಸಿ. ಮೂರನೆಯದು ಗೊಂಬೆಯನ್ನು ಒಡೆಯಿತು, ನಾನು ಮತ್ತೊಂದು ನಿಲ್ಲಿಸಿದೆ. ಅಷ್ಟರಲ್ಲಿ ವಿಷ ಏರುತ್ತಿತ್ತು. ಟಾಕ್ಸಿಕ್ ಮೊದಲ ಟರ್ನ್ ಹದಿನಾರರಲ್ಲಿ ಒಂದು ಪಾಲು ತಿನ್ನುತ್ತದೆ, ಎರಡನೇದರಲ್ಲಿ ಎರಡು, ಮೂರನೇದರಲ್ಲಿ ಮೂರು. ಐದು ಟರ್ನ್‌ಗೆ ಹದಿನೈದು ಪಾಲು ಹೋಗಿರುತ್ತದೆ, ಆರನೆಯದಕ್ಕೆ ಎದುರಿನದು ಉರುಳುತ್ತದೆ. ನಮ್ಮೂರ ಕೋಟೆಯ ಬಾರಾ ಗಜ್ ತೋಪು ಅನ್ನುವ ದೊಡ್ಡ ಫಿರಂಗಿಯಿಂದ ಸೊಳ್ಳೆ ಹೊಡೆಯಲು ಹೊರಟ ಹಾಗೆ ಹುಡುಗ ಅರ್ತ್‌ಕ್ವೇಕ್ ಒತ್ತುತ್ತಲೇ ಇದ್ದ, ಆರನೇ ಟರ್ನ್‌ಗೆ ಲ್ಯಾಂಡೊರಸ್ ಬಿತ್ತು.

ಯಾವುದಕ್ಕೆ ಹೆದರಬೇಕು?

ಗುರಿ ತಪ್ಪದ ಏಟುಗಳಿವೆ. ಏರಿಯಲ್ ಏಸ್, ಔರಾ ಸ್ಫಿಯರ್ ಯಾವ ಮೆಟ್ಟಿಲನ್ನೂ ಲೆಕ್ಕಕ್ಕಿಡುವುದಿಲ್ಲ, ಆದರೆ ಇವು ಮಕ್‌ಗೆ ದೊಡ್ಡ ಪೆಟ್ಟಲ್ಲ. ನಿಜವಾಗಿ ಕಾಡುವುದು ಬಾಡಿ ಸ್ಲ್ಯಾಮ್. ಆರನೇ ತಲೆಮಾರಿನಿಂದ ಅದು ಮಿನಿಮೈಜ್ ಮಾಡಿದವರಿಗೆ ತಪ್ಪದೆ ತಾಗುತ್ತದೆ, ಅದೂ ಎರಡರಷ್ಟು ಬಲದಿಂದ. ಸ್ನಾರ್ಲಾಕ್ಸ್ ಕಂಡರೆ ಎದುರಿಗೆ ನಿಲ್ಲಬೇಡಿ. ಏಳನೇ ತಲೆಮಾರಿನ ಝಡ್ ಮೂವ್‌ಗಳೂ ಹುಸಿ ಹೋಗುವುದಿಲ್ಲ, ಅದಕ್ಕೇ ಗೊಂಬೆ ಸದಾ ಮುಂದೆ ಇರಬೇಕು. ಅನ್‌ಅವೇರ್ ಅಬಿಲಿಟಿ ಇರುವ ಕ್ಲೆಫೇಬಲ್‌ಗೆ ನಿಮ್ಮ ಮೆಟ್ಟಿಲುಗಳು ಕಾಣುವುದೇ ಇಲ್ಲ. ಸ್ಕಾರ್ಮರಿಯ ವರ್ಲ್‌ವಿಂಡ್ ಗೊಂಬೆಯನ್ನೂ ದಾಟಿ ಬಂದು ಮಕ್‌ನ್ನು ಹೊರಗೆ ಹಾಕುತ್ತದೆ, ಪಟ್ಟ ಶ್ರಮ ಎಲ್ಲ ನೀರಲ್ಲಿ ಹೋಮ.

ಎಲ್ಲಕ್ಕಿಂತ ದೊಡ್ಡ ವೈರಿ ಟಾಕ್ಸಾಪೆಕ್ಸ್. ಅದಕ್ಕೆ ವಿಷ ಏರುವುದಿಲ್ಲ, ಅದು ಹೇಝ್ ಹಾಕಿದರೆ ನಿಮ್ಮ ಮೆಟ್ಟಿಲೆಲ್ಲ ಒಂದೇ ಸಲಕ್ಕೆ ಸೊನ್ನೆ. ಮೊನ್ನೆ ಆಟ ಶುರುವಾಗುವ ಮುಂಚೆ ತಂಡ ತೋರಿಸುವಾಗ ಹುಡುಗನ ಸಾಲಿನಲ್ಲಿ ಅದೇ ನಿಂತಿತ್ತು. "ಕಾಕಾ, ಈಗ ನಿಮ್ಮ ಮಕ್ ಬಿಡ್ರಿ ನೋಡೋಣ" ಅಂದ. ಹೀಗಾದಾಗ ಮಕ್‌ನ್ನು ಹಿಂದೆ ಕೂರಿಸಿ. ನಿಮ್ಮಲ್ಲಿರುವ ಕರೆಂಟ್ ಅಥವಾ ಸೈಕಿಕ್ ಪೋಕೆಮಾನ್‌ನಿಂದ ಮೊದಲು ಟಾಕ್ಸಾಪೆಕ್ಸ್ ಬೀಳಿಸಿ. ಅದು ಬಿದ್ದ ಮೇಲಷ್ಟೇ ಮಕ್ ಇಳಿಯಬೇಕು. ನನಗೆ ಅವತ್ತು ಅದಕ್ಕೇ ಹನ್ನೊಂದು ಟರ್ನ್ ಬೇಕಾಯಿತು.