ಮಲೆನಾಡಿನ ಮನೆಯಲ್ಲಿ ಇನ್ಸುಲಿನ್: ಎಳೆಯ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದವರಿಗೆ

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಹತ್ತೊಂಬತ್ತನೇ ವಯಸ್ಸಿನಲ್ಲಿ ಗೊತ್ತಾದಾಗ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಆದ ಮೊದಲ ಬದಲಾವಣೆಯೆಂದರೆ ಜೋನಿ ಬೆಲ್ಲದ ಡಬ್ಬಿ ಅಟ್ಟ ಸೇರಿದ್ದು. ಬೆಳಗಿನ ಕಡುಬು, ಮಧ್ಯಾಹ್ನದ ಅನ್ನ, ರಾತ್ರಿಯ ಗಂಜಿ ಎಂದಿನಂತೆಯೇ ನಡೆದವು. ಅಕ್ಕಿಯ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಸಿಹಿ ಬಿಟ್ಟರೆ ಸಾಕು ಎಂಬ ತಿಳಿವಳಿಕೆಯನ್ನು ಮೊದಲು ಕೈಬಿಡಬೇಕು. ನಮ್ಮ ಕಡೆಯವರು ಲೆಕ್ಕ ಇಡಬೇಕಾದದ್ದು ಸಕ್ಕರೆಗಿಂತ ಹೆಚ್ಚಾಗಿ ಅಕ್ಕಿಯದು.

ಅದಕ್ಕೂ ಮುಂಚೆ ನಿಮ್ಮದು ಯಾವ ಬಗೆಯ ಮಧುಮೇಹ ಎಂಬುದು ಖಚಿತವಾಗಬೇಕು. ಟೈಪ್ 1 ಆದರೆ, ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡಿರುತ್ತದೆ. ಅದಕ್ಕೆ ಇನ್ಸುಲಿನ್ ಬಿಟ್ಟು ಬೇರೆ ದಾರಿಯಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಟೈಪ್ 2 (ಇದರಲ್ಲಿ ಇನ್ಸುಲಿನ್ ಇದ್ದರೂ ದೇಹ ಅದನ್ನು ಸರಿಯಾಗಿ ಬಳಸುವುದಿಲ್ಲ) ಬರುವುದೂ ಉಂಟಾದ್ದರಿಂದ, ಅನುಮಾನವಿದ್ದರೆ ದೇಹ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡ್ ಮತ್ತು ಬೀಟಾ ಕೋಶಗಳ ಮೇಲಿನ ದಾಳಿಯ ಗುರುತು ಹಿಡಿಯುವ ಜಿಎಡಿ ಆಂಟಿಬಾಡಿ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ. ಟೈಪ್ 1 ಇರುವ ಅನೇಕರಲ್ಲಿ ಇನ್ಸುಲಿನ್ ಶುರುವಾದ ಮೇಲೆ ಉಳಿದ ಬೀಟಾ ಕೋಶಗಳು ತುಸು ಚೇತರಿಸಿಕೊಂಡು, ಕೆಲವು ತಿಂಗಳ ಮಟ್ಟಿಗೆ ಬಹಳ ಕಡಿಮೆ ಯೂನಿಟ್ (ಇನ್ಸುಲಿನ್ ಅಳೆಯುವ ಲೆಕ್ಕ) ಸಾಕಾಗುತ್ತದೆ. ನೆಂಟರು ತಂದುಕೊಡುವ ನಾಟಿ ಔಷಧಿ ‘ಕೆಲಸ ಮಾಡುವುದು’ ಸರಿಯಾಗಿ ಇದೇ ಹೊತ್ತಿನಲ್ಲಿ. ನಮ್ಮ ಮನೆಯಲ್ಲೂ ಅಮೃತಬಳ್ಳಿಯ ಕಷಾಯಕ್ಕೆ ಎರಡು ತಿಂಗಳು ಒಳ್ಳೆಯ ಕೀರ್ತಿ ಬಂದಿತ್ತು. ಆ ಕೀರ್ತಿಯನ್ನು ನಂಬಿ ಚುಚ್ಚುಮದ್ದು ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

ಅಕ್ಕಿಯ ಲೆಕ್ಕಕ್ಕೆ ಅಡುಗೆಮನೆಯಲ್ಲಿ ಒಂದು ಸಣ್ಣ ತಕ್ಕಡಿ ಇದ್ದರೆ ಸಾಕು. ಅರ್ಧ ಕಿಲೋ ಅಕ್ಕಿಹಿಟ್ಟಿನಲ್ಲಿ ಹತ್ತು ರೊಟ್ಟಿಯಾದರೆ ಒಂದೊಂದರಲ್ಲಿ 50 ಗ್ರಾಂ ಹಿಟ್ಟು, ಅಂದರೆ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್ (ಜೀರ್ಣವಾಗಿ ರಕ್ತದಲ್ಲಿ ಸಕ್ಕರೆಯಾಗುವ ಅಂಶ) ಇರುತ್ತದೆ. ಕಡುಬಿಗೂ ಇದೇ ಕ್ರಮ: ಅಕ್ಕಿತರಿ ಎಷ್ಟು ಹಾಕಿದರು, ಎಷ್ಟು ಕಡುಬಾಯಿತು ಎಂದು ಒಂದು ದಿನ ಅಮ್ಮನ ಪಕ್ಕದಲ್ಲಿ ನಿಂತು ಬರೆದುಕೊಂಡರೆ ಆಮೇಲೆ ಕಣ್ಣಳತೆಯೇ ಸಾಕಾಗುತ್ತದೆ. ಬೆಂದ ಅನ್ನದಲ್ಲಿ 100 ಗ್ರಾಂಗೆ ಸುಮಾರು 28 ಗ್ರಾಂ ಎಂದು ಹಿಡಿಯಬಹುದು. ಕುಚ್ಚಲಕ್ಕಿಯಾದರೆ ಎಷ್ಟು ಉಂಡರೂ ಆಗುತ್ತದೆ ಎನ್ನುವವರಿದ್ದಾರೆ. ಅದು ಸಕ್ಕರೆಯನ್ನು ಸ್ವಲ್ಪ ನಿಧಾನವಾಗಿ ಏರಿಸಬಹುದೇ ಹೊರತು ಲೆಕ್ಕದಿಂದ ಹೊರಗುಳಿಯುವುದಿಲ್ಲ. ಎಷ್ಟು ಗ್ರಾಂಗೆ ಒಂದು ಯೂನಿಟ್ ಎಂಬುದನ್ನು ವೈದ್ಯರು ನಿಮಗೆಂದೇ ಗೊತ್ತುಮಾಡುತ್ತಾರೆ. ಉದಾಹರಣೆಗೆ, ಹತ್ತು ಗ್ರಾಂಗೆ ಒಂದು ಯೂನಿಟ್ ಎಂದಿದ್ದರೆ ಮೇಲಿನ ಒಂದು ರೊಟ್ಟಿಗೆ ನಾಲ್ಕು ಯೂನಿಟ್. ಬೇಗ ಕೆಲಸ ಮಾಡುವ ಹೊಸ ಇನ್ಸುಲಿನ್ ಆದರೆ ಊಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು, ಹಳೆಯ ರೆಗ್ಯುಲರ್ ಆದರೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವುದು ವಾಡಿಕೆ. ಈ ಲೆಕ್ಕ ಕೈಗೆ ಹತ್ತಿದ ಮೇಲೆ ಅಟ್ಟದ ಮೇಲಿನ ಬೆಲ್ಲದ ಡಬ್ಬಿ ಇಳಿದು ಬಂದರೂ ತೊಂದರೆಯಿಲ್ಲ.

ಪರೀಕ್ಷೆ ಮಾಡಿಕೊಳ್ಳುವಾಗ ಕೈ ತೊಳೆಯಿರಿ ಎಂದು ಎಲ್ಲರೂ ಹೇಳುತ್ತಾರೆ, ಯಾಕೆಂದು ಹೇಳುವವರು ಕಡಿಮೆ. ಒಮ್ಮೆ ಹಲಸಿನ ಹಣ್ಣು ಬಿಡಿಸಿ, ಕೈಯ ಮೇಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಂಡು ಬೆರಳು ಚುಚ್ಚಿದಾಗ ಮೀಟರಿನಲ್ಲಿ 312 ಬಂತು. ಒಂದು ತೊಳೆಯನ್ನೂ ಬಾಯಿಗಿಟ್ಟಿರಲಿಲ್ಲವಾದ್ದರಿಂದ ಅನುಮಾನವಾಗಿ, ಸೋಪು ಹಾಕಿ ತೊಳೆದು ಒಣಗಿಸಿ ಮತ್ತೆ ನೋಡಿದರೆ 138. ಬೆರಳಿಗೆ ಅಂಟಿದ್ದ ಹಣ್ಣಿನ ರಸವೇ ಅಷ್ಟು ತೋರಿಸಿತ್ತು. ಮೊದಲಿನ ಅಂಕಿಯನ್ನು ನಂಬಿ ಇನ್ಸುಲಿನ್ ಚುಚ್ಚಿಕೊಂಡಿದ್ದರೆ ಆ ರಾತ್ರಿ ಏನಾಗುತ್ತಿತ್ತೋ! ಮಳೆಗಾಲದಲ್ಲಿ ಮೀಟರಿಗೆ ಹಾಕುವ ಸ್ಟ್ರಿಪ್‌ಗಳದ್ದೇ ಬೇರೆ ಪಾಡು: ತೇವ ತಗುಲಿದರೆ ಅವು ಕೆಡುವುದರಿಂದ, ಒಂದನ್ನು ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಹಾಕಬೇಕು, ಬಿಡಿಯಾಗಿ ಪರ್ಸಿನಲ್ಲಿ ಇಟ್ಟುಕೊಳ್ಳಬಾರದು.

ಮಳೆಯಲ್ಲಿ ಎರಡು ಮೂರು ದಿನ ಕರೆಂಟು ಹೋದರೆ ಇನ್ಸುಲಿನ್ ಕೆಟ್ಟೇಹೋಯಿತೆಂದು ಗಾಬರಿಪಡಬೇಕಿಲ್ಲ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು ನಿಜ. ಬಳಕೆಯಲ್ಲಿರುವುದು 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ಇರಬಹುದು, ನಮ್ಮ ಆಷಾಢದ ಚಳಿಗೆ ಅದೇನೂ ಕಷ್ಟವಲ್ಲ. ಫ್ರೀಜರಿಗೆ ತಾಗಿಸಿ ಇಡುವುದು ಹೆಚ್ಚು ಅಪಾಯ, ಏಕೆಂದರೆ ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಇನ್ನೊಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ನಮ್ಮಲ್ಲಿ ಸಿಗುವ ಬಾಟಲಿಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನವು, ಇನ್ಸುಲಿನ್ ಚುಚ್ಚುವ ಪೆನ್ನಿನ ಕಾರ್ಟ್ರಿಡ್ಜ್‌ಗಳು 100 ಯೂನಿಟ್‌ನವು. ಪೆನ್ನು ಕೈಕೊಟ್ಟಿತೆಂದು ಕಾರ್ಟ್ರಿಡ್ಜ್‌ನಿಂದ 40ರ ಸಿರಿಂಜಿಗೆ ಎಳೆದರೆ ಬೇಕಾದುದರ ಎರಡೂವರೆ ಪಟ್ಟು ಮೈಸೇರುತ್ತದೆ. ಸಿರಿಂಜಿನ ಮೇಲಿನ ಅಂಕಿಗೂ ಬಾಟಲಿಯ ಮೇಲಿನ ಅಂಕಿಗೂ ತಾಳೆಯಾಗುತ್ತದೆಯೇ ಎಂದು ಔಷಧಿ ಅಂಗಡಿಯಲ್ಲೇ ನೋಡಿಕೊಳ್ಳಿ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಅಥವಾ ಕೈ ನಡುಗಿ ಬೆವರು ಬಂದರೆ, ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ, ಇಲ್ಲವೇ ಒಂದು ದೊಡ್ಡ ಚಮಚ ಜೋನಿ ಬೆಲ್ಲ ತಿನ್ನಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಅಷ್ಟನ್ನೇ ಪುನಃ ತೆಗೆದುಕೊಳ್ಳಿ. ಚಾಕೊಲೇಟ್ ಕೊಡುವ ಅಭ್ಯಾಸ ನಮ್ಮಲ್ಲಿದೆ, ಆದರೆ ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಗೊನೆ ಹೊತ್ತವರಿಗೆ ಸಕ್ಕರೆ ಆಗಲೇ ಇಳಿಯದೆ, ಊಟ ಮಾಡಿ ಮಲಗಿದ ಮೇಲೆ ಮಧ್ಯರಾತ್ರಿಯ ಹೊತ್ತಿಗೆ ಇಳಿಯುವುದೂ ಉಂಟು. ಅಂಥ ದಿನ ಮಲಗುವ ಮುನ್ನ ತಪ್ಪದೆ ನೋಡಿಕೊಂಡು, ಯೂನಿಟ್ ತಗ್ಗಿಸಬೇಕೇ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕೆಂಬುದು ಮನೆಯವರಿಗೂ ಹಾಸ್ಟೆಲಿನ ಗೆಳೆಯರಿಗೂ ಗೊತ್ತಿರಬೇಕು. ಮುಂದೆ ಮದುವೆಗೆ ತೊಡಕಾದೀತೆಂದು ಕಾಯಿಲೆಯನ್ನು ಮುಚ್ಚಿಟ್ಟವರು ಈ ಸಹಾಯವನ್ನೂ ಕಳೆದುಕೊಳ್ಳುತ್ತಾರೆ.

ಜ್ವರ ಬಂದು ಊಟ ಸೇರದಿದ್ದರೂ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ನಿಲ್ಲಿಸಬಾರದು. ಸಕ್ಕರೆ ಏರಿದ್ದು, ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ಹೆಚ್ಚಾಗಿರುವ ಸಾಧ್ಯತೆಯಿದೆ. ಘಟ್ಟದ ದಾರಿಯಲ್ಲಿ ಮರ ಬಿದ್ದಿರಬಹುದಾದ ಕಾಲದಲ್ಲಂತೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಚುಚ್ಚಿದ ಸೂಜಿಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಅದು ಗೊಬ್ಬರದ ಬುಟ್ಟಿಯಲ್ಲಿ ತೋಟಕ್ಕೆ ಹೋಗುತ್ತದೆ, ಅಲ್ಲಿ ಕೆಲಸದವರು ಬರಿಗಾಲಿನಲ್ಲಿ ಓಡಾಡುತ್ತಾರೆ. ಫಿನಾಯಿಲಿನ ಖಾಲಿ ಡಬ್ಬಿಯಂಥ ದಪ್ಪ ಪ್ಲಾಸ್ಟಿಕ್ಕಿನಲ್ಲಿ ತುಂಬಿಸಿ ಬಿಗಿಯಾಗಿ ಮುಚ್ಚಿಟ್ಟು, ಮೂರು ತಿಂಗಳಿಗೊಮ್ಮೆ, ಅಷ್ಟು ಕಾಲದ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಹೋಗುವಾಗ ಆಸ್ಪತ್ರೆಯಲ್ಲಿ ಕೇಳಿ ಅಲ್ಲಿಗೇ ಒಪ್ಪಿಸಿ.