ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಆಕ್ಸಿಮೀಟರ್ ನಂಬಬೇಡಿ

ಹೋದ ಚಳಿಗಾಲದಲ್ಲಿ ನನ್ನ ತಂಗಿ ಮಗಳು ಸ್ನಾನಕ್ಕೆ ಹೋದವಳು ಬಚ್ಚಲಲ್ಲೇ ಕುಸಿದುಬಿದ್ದಳು. ಬಾಗಿಲು ಒಡೆದು ಹೊರಗೆ ತಂದೆವು. ನಾನು ನರ್ಸ್, ಮೊದಲು ಬೆರಳಿಗೆ ಆಕ್ಸಿಮೀಟರ್ ಹಾಕಿದೆ, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ ಯಂತ್ರ. 98 ತೋರಿಸಿತು. ತುಟಿಯೂ ನೀಲಿಯಾಗಿರಲಿಲ್ಲ. "ತಿಂಡಿ ತಿಂದಿಲ್ಲ, ತಲೆ ಸುತ್ತಿರಬೇಕು" ಅಂದರು ಮನೆಯವರು. ನನ್ನ ಕಣ್ಣು ಕಿಟಕಿ ಮೇಲಿತ್ತು. ಚಳಿ ಅಂತ ರಟ್ಟು ಹಚ್ಚಿದ್ದರು. ಪಕ್ಕದ ಗೋಡೆಯಲ್ಲಿ ಗೀಸರ್ ಇನ್ನೂ ಉರಿಯುತ್ತಿತ್ತು.

ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ವಾಸನೆ ಬರುತ್ತದೆ, ಇದಕ್ಕೆ ವಾಸನೆಯೇ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಅದರ ಒಂದೊಂದು ಕಣದಲ್ಲೂ ಆಮ್ಲಜನಕ ಕೂರಲು ನಾಲ್ಕು ಜಾಗ ಇವೆ. ಈ ಅನಿಲ ಅಲ್ಲೇ ಬಂದು ಕೂರುತ್ತದೆ, ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ. ಗಾಳಿಯಲ್ಲಿ ಸಾವಿರಕ್ಕೆ ಒಂದು ಪಾಲು ಇದ್ದರೂ ಸಾಕು, ಹೊತ್ತು ಕಳೆದಂತೆ ಸುಮಾರು ಅರ್ಧ ಹಿಮೋಗ್ಲೋಬಿನ್ ಅದರ ವಶವಾಗುತ್ತದೆ.

ಅಷ್ಟೇ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ರಕ್ತ ಕಡಿಮೆಯಾಗಿ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಅರ್ಧಕ್ಕೆ, ಅಂದರೆ 7ಕ್ಕೆ ಇಳಿದವರು ನಮ್ಮ ವಾರ್ಡಿಗೆ ನಡೆದುಕೊಂಡೇ ಬರುತ್ತಾರೆ. ಆದರೆ ಈ ಅನಿಲ ಒಂದು ಜಾಗ ಹಿಡಿದರೆ, ಉಳಿದ ಜಾಗದಲ್ಲಿರುವ ಆಮ್ಲಜನಕವನ್ನೂ ಹಿಮೋಗ್ಲೋಬಿನ್ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ರಕ್ತದಲ್ಲಿ ಇದ್ದೂ ಮಿದುಳಿಗೆ ಸಿಗುವುದಿಲ್ಲ. ಅನಿಲ ಅಂಟಿದ ರಕ್ತವೂ ಕೆಂಪಗೇ ಇರುವುದರಿಂದ ಆಕ್ಸಿಮೀಟರ್ ಅದನ್ನೂ ಆಮ್ಲಜನಕ ಅಂತಲೇ ಎಣಿಸುತ್ತದೆ. ಆ 98 ಬಂದದ್ದು ಹಾಗೆ.

ಯಾರಾದರೂ ಹೀಗೆ ಬಿದ್ದರೆ ಬಾಗಿಲು ಕಿಟಕಿ ತೆರೆಯಿರಿ, ಗೀಸರ್ ಆರಿಸಿ, ತಕ್ಷಣ ಬಯಲಿಗೆ ಎಳೆದು ತನ್ನಿ. ನೀವೂ ಒಳಗೆ ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು" ಅಂತಿರಲಿ. ಈ ಅನಿಲ ಎಷ್ಟು ಹಿಮೋಗ್ಲೋಬಿನ್ ಹಿಡಿದಿದೆ ಅಂತ ತೋರಿಸುವ ಕಾರ್ಬಾಕ್ಸಿಹಿಮೋಗ್ಲೋಬಿನ್ ರಕ್ತಪರೀಕ್ಷೆ ಆಗುತ್ತದಾ ಕೇಳಿ. ಮಾಮೂಲಿ ಗಾಳಿ ಉಸಿರಾಡಿದರೆ ರಕ್ತದಲ್ಲಿರುವ ಈ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್‌ನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ನಮ್ಮ ಹುಡುಗಿ ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟು "ತಲೆ ಸಿಡಿಯುತ್ತಿದೆ ದೊಡ್ಡಮ್ಮಾ" ಅಂದಳು.

ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಒಳಗೆ ಪೈಪ್ ಮಾತ್ರ ಬರಲಿ. ಅಲ್ಲಿಯವರೆಗೆ ಕಿಟಕಿ, ಬಾಗಿಲು ಎರಡೂ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಚಿಲಕ ಹಾಕಿಕೊಳ್ಳಿ. ಉರಿ ನೀಲಿ ಬಿಟ್ಟು ಹಳದಿಯಾಗಿದ್ದರೆ ಅವತ್ತು ಹಚ್ಚಲೇಬೇಡಿ, ರಿಪೇರಿಯವರನ್ನು ಕರೆಯಿರಿ. ಕಿಟಕಿಯ ರಟ್ಟು ಇವತ್ತೇ ಕಿತ್ತುಹಾಕಿ.